ಓದುಗರ ಪ್ರಶ್ನೆ: 1008.4 ಕಲ್ಮಶವೇ?

ಪ್ರಶ್ನೆ: ಆಕ್ಸಿಟೋಸಿನ್ (ಒಂಬತ್ತು ಅಮೈನೊ ಆಮ್ಲಗಳ ಪೆಪ್ಟೈಡ್ ಹಾರ್ಮೋನ್) ಮಾದರಿಯನ್ನು ಎಲ್‌ಸಿ–ಎಂಎಸ್‌ನಲ್ಲಿ (ಕಾಲಂನಲ್ಲಿ ಬೇರ್ಪಡಿಸಿ ಅಣುಗಳನ್ನು ತೂಗುವ ಯಂತ್ರ) ಓಡಿಸಿದೆ. ಅದರದೇ ಗೆರೆಯಾದ 1007.44ರ ಪಕ್ಕದಲ್ಲೇ 1008.4 ಕೂಡ ಬರುತ್ತಿದೆ. ಡಿಅಮಿಡೇಷನ್ (ಅಮೈಡ್ ಗುಂಪು ಕಾರ್ಬಾಕ್ಸಿಲ್ ಆಗಿ ಬದಲಾಗುವುದು) ಕಲ್ಮಶ ಎಂದು ಬರೆಯಲೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಅಷ್ಟನ್ನೇ ನೋಡಿ ಬರೆಯಬೇಡಿ. ಆಕ್ಸಿಟೋಸಿನ್‌ನಲ್ಲಿ 43 ಕಾರ್ಬನ್‌ಗಳಿವೆ. ಅವುಗಳಲ್ಲೊಂದು ಕಾರ್ಬನ್-13 (ತುಸು ಭಾರದ ಐಸೊಟೋಪ್) ಆಗಿರುವ ಅಣುಗಳಿಂದಲೇ ಮುಖ್ಯ ಗೆರೆಯ ಸುಮಾರು ಅರ್ಧ ಎತ್ತರದ ಗೆರೆ ಅಲ್ಲಿ ಬಂದೇ ಬರುತ್ತದೆ. ಐಸೊಟೋಪ್ ಕೂಡಿಸುವುದು 1.003, ಡಿಅಮಿಡೇಷನ್ ಕೂಡಿಸುವುದು 0.984. ಅಂತರ ಬರೀ 0.019. ಇದನ್ನು ಬಿಡಿಸಿ ನೋಡಲು 50,000ಕ್ಕೂ ಮೇಲಿನ ರೆಸಲ್ಯೂಷನ್ ಬೇಕು. ತೂಕ ಅಳೆಯುವ ಸಾಮಾನ್ಯ ಕ್ವಾಡ್ರುಪೋಲ್‌ನ ಕೈಲಾಗದ ಕೆಲಸ.

ಹಾಗಾಗಿ ತೂಗುವ ಮೊದಲೇ ಕಾಲಂನಲ್ಲಿ ಬೇರ್ಪಡಿಸಿ. ಸಿ18 ಕಾಲಂ (18 ಕಾರ್ಬನ್‌ಗಳ ಸರಪಳಿ ಹೊದಿಸಿದ್ದು), 0.1% ಫಾರ್ಮಿಕ್ ಆಮ್ಲ. ಅಸಿಟೋನೈಟ್ರೈಲ್ ನಿಮಿಷಕ್ಕೆ 0.5%ರಂತೆ ನಿಧಾನವಾಗಿ ಏರಲಿ. ಬಳಿಕ 1008.4ರ ಅಯಾನನ್ನಷ್ಟೇ ಆರಿಸಿ ಕ್ರೊಮಾಟೊಗ್ರಾಂ (ಯಾವ ಹೊತ್ತಿಗೆ ಎಷ್ಟು ಹೊರಬಂತೆಂಬ ನಕ್ಷೆ) ಬರೆಸಿ. 1007.44ರ ಜೊತೆಯಿಲ್ಲದೆ ಬೇರೆ ಹೊತ್ತಿಗೆ ಪೀಕ್ ಬಂದರೆ ನಿಮ್ಮ ಅನುಮಾನ ಗಟ್ಟಿ. ಮುಖ್ಯ ಪೀಕ್‌ನ ಹೊತ್ತಿಗೇ ಬಂದರೆ ಐಸೊಟೋಪ್ ಎನ್ನಿ, ಆದರೆ ಕೈಬಿಡುವ ಮೊದಲು ಅಮೋನಿಯಂ ಅಸಿಟೇಟ್‌ನಲ್ಲಿ, ಪಿಎಚ್ 6.5ರ ಸುಮಾರಿಗೆ, ಇನ್ನೊಮ್ಮೆ ಓಡಿಸಿ. ಅಲ್ಲಿ ಹೊಸ ಕಾರ್ಬಾಕ್ಸಿಲ್ ಗುಂಪಿಗೆ ಋಣ ಆವೇಶ ಬರುವುದರಿಂದ ಅವಿತಿದ್ದ ಕಲ್ಮಶ ಮುಂಚೆಯೇ ಹೊರಬೀಳುತ್ತದೆ.

ಬದಲಾವಣೆಗೆ ಮೂರು ಜಾಗಗಳಿವೆ: 4ನೇ ಗ್ಲುಟಮಿನ್, 5ನೇ ಆಸ್ಪರಜಿನ್, 9ನೇ ಗ್ಲೈಸಿನ್‌ನ ಅಮೈಡ್ ತುದಿ. ಅಣುವನ್ನು ಒಡೆದಾಗ ಬಾಲದ (7ರಿಂದ 9ನೇ ಘಟಕ) ತುಣುಕು 285.19ರಲ್ಲೇ ಇದ್ದರೆ ಕೆಟ್ಟಿರುವುದು ಉಂಗುರ (1ರಿಂದ 6ನೇ ಘಟಕ), 286.18 ಆಗಿದ್ದರೆ ಬಾಲ. ಉಂಗುರದೊಳಗೆ 4ನೆಯದೋ 5ನೆಯದೋ ಎಂದು ತಿಳಿಯಲು ಉಂಗುರವನ್ನು ಕಟ್ಟಿರುವ ಡೈಸಲ್ಫೈಡ್ (ಗಂಧಕ–ಗಂಧಕ) ಕೊಂಡಿಯನ್ನು ಡಿಟಿಟಿ ಎಂಬ ರಾಸಾಯನಿಕದಿಂದ ಬಿಚ್ಚಿ, ತೆರೆದ ತುದಿಗಳನ್ನು ಅಯಡೊಅಸಿಟಮೈಡ್‌ನಿಂದ ಮುಚ್ಚಬೇಕು. ಎಡವುವುದು ಇಲ್ಲೇ. ಅಯಡೊಅಸಿಟಮೈಡ್ ಬೇಡದ ಕಡೆ ಅಂಟಿದರೆ ಕೂಡುವ 57.02 ಗ್ಲೈಸಿನ್ ಘಟಕದ ತೂಕವೇ. ಇಲ್ಲದ ‘ಹೆಚ್ಚುವರಿ ಗ್ಲೈಸಿನ್’ ವರದಿಗೆ ಹತ್ತಿಬಿಡುತ್ತದೆ. ಪಿಎಚ್ 8ರಲ್ಲಿ ರಾತ್ರಿಯಿಡೀ ಬಿಟ್ಟಿರೋ, ಹುಡುಕುತ್ತಿರುವ ಕಲ್ಮಶವನ್ನು ನೀವೇ ತಯಾರಿಸಿದಂತೆ.

ಪ್ರಶ್ನೆ: ನಮ್ಮ ಪೆಪ್ಟೈಡ್‌ನಲ್ಲಿ ತೂಕವೂ ತುಣುಕುಗಳೂ ಒಂದೇ, ಆದರೂ ಪೀಕ್ ಎರಡು. ಏಕೆ?
– ಓದುಗರು, ಸೋಮವಾರಪೇಟೆ

ಉತ್ತರ: ಜೋಡಿಸುವಾಗ ಯಾವುದೋ ಎಲ್-ಅಮೈನೊ ಆಮ್ಲ ಅದರ ಕನ್ನಡಿ ಬಿಂಬವಾದ ಡಿ-ರೂಪಕ್ಕೆ ತಿರುಗಿರಬಹುದು, ಸಿಸ್ಟೈನ್, ಹಿಸ್ಟಿಡಿನ್‌ಗಳ ಮೇಲೆ ಮೊದಲು ಕಣ್ಣಿಡಿ. ಕಾಫಿ ಕ್ಯೂರಿಂಗ್ ನೋಡಿದವರಿಗೆ ಗೊತ್ತು, ಪೀಬೆರಿಯನ್ನೂ (ಗುಂಡು ಬೀಜ) ಚಪ್ಪಟೆ ಬೀಜವನ್ನೂ ಬಿಡಿಸುವುದು ಜರಡಿ, ತಕ್ಕಡಿಯಲ್ಲ. ತಿರುಗಿದ್ದು ಯಾವುದೆಂದು ತಿಳಿಯಲು ಡ್ಯುಟೀರಿಯಂ (ಭಾರದ ಹೈಡ್ರೋಜನ್) ತುಂಬಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೆಪ್ಟೈಡನ್ನು ಪೂರ್ತಿ ಒಡೆದು, ಕೈರಲ್ (ಎಲ್, ಡಿ ರೂಪಗಳನ್ನು ಬೇರ್ಪಡಿಸುವ) ಕಾಲಂ ಇರುವ, ಅನಿಲರೂಪದಲ್ಲಿ ಬೇರ್ಪಡಿಸಿ ತೂಗುವ ಜಿಸಿ–ಎಂಎಸ್‌ಗೆ ಕೊಡಿ. ಈ ಪರೀಕ್ಷೆಯ ಬಿಸಿಗೇ ತಿರುಗಿದವು ಡ್ಯುಟೀರಿಯಂ ಹಿಡಿದು 1 ಡಾಲ್ಟನ್ (ಅಣುತೂಕದ ಏಕಮಾನ) ಭಾರವಾಗಿ ಬರುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.