ಸಣ್ಣ ಊರಲ್ಲಿ ಟೈಲರ್ ಆಗಿ ಸಂಸಾರ ನಡೆಸಬಹುದಾ?

ಮಗ ಪಿಯುಸಿ ಮುಗಿಸಿದ್ದಾನೆ, ಮುಂದೆ ಓದಲ್ಲ, ಟೈಲರಿಂಗ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ, ಈ ಕಾಲದಲ್ಲಿ ಅದನ್ನು ನಂಬಿ ಮನೆ ನಡೆಯುತ್ತದಾ ಅಂತ ಕೇಳಿದ್ದೀರಿ. ನಾನು ಶಿರಸಿಯಲ್ಲಿ 1998ರಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಐದು ಜನರ ಮನೆ ಇದರಲ್ಲೇ ನಡೆದಿದೆ. ಹಾಗಾಗಿ ನಡೆಯುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ನಿಮ್ಮ ಮಗ ಅಂದುಕೊಂಡಿರುವ ಕೆಲಸದಿಂದ ನಡೆಯುತ್ತದಾ ಅನ್ನೋದು ಬೇರೆ ಮಾತು.

ನಾನು ಕಲಿತದ್ದು ಪ್ಯಾಂಟು, ಶರ್ಟು. ಮೊದಲ ಆರು ತಿಂಗಳು ಗುರುಗಳು ಮಷಿನ್ ತುಳಿಯಲು ಬಿಡಲೇ ಇಲ್ಲ. ಹಳೆ ಹೊಲಿಗೆ ಬಿಚ್ಚುವುದು, ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬುವುದು, ಇಷ್ಟೇ. ಆಗ ತುಂಬಾ ಬೇಜಾರಾಗುತ್ತಿತ್ತು. ಈಗ ನೋಡಿದರೆ ನನಗೆ ಕಟಿಂಗ್ ಬಂದದ್ದೇ ಬಿಚ್ಚಿ ಬಿಚ್ಚಿ. ಒಂದು ಪ್ಯಾಂಟು ಬಿಚ್ಚಿ ನೆಲದ ಮೇಲೆ ಹರಡಿದರೆ ಹಿಂದಿನ ತುಂಡು ಮುಂದಿನದಕ್ಕಿಂತ ಎಷ್ಟು ಅಗಲ, ಸೀಟಿನ ಹತ್ತಿರ ಎಷ್ಟು ತಿರುವು, ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಒಳಗೆ ಬಟ್ಟೆ ಬಿಡದ ಟೈಲರ್ ಹತ್ತಿರ ಗಿರಾಕಿ ಎರಡನೇ ಸಲ ಬರುವುದಿಲ್ಲ. ಮನುಷ್ಯ ದಪ್ಪ ಆಗುತ್ತಾನೆ, ಬಟ್ಟೆ ಬಿಡಿಸಬೇಕಾಗುತ್ತದೆ, ಅಲ್ವಾ?

ಅಂಗಡಿ ಹಾಕಿದಾಗ ಮದುವೆ ಕಾಲದಲ್ಲಿ ರಾತ್ರಿ ಒಂದು ಗಂಟೆಯವರೆಗೂ ಕೆಲಸ ಇರುತ್ತಿತ್ತು. ನಿಧಾನಕ್ಕೆ ರೆಡಿಮೇಡ್ ಜಾಸ್ತಿ ಆಯಿತು. ಹುಡುಗರು ಬರುವುದು ನಿಂತಿತು. ಈಗ ನನ್ನ ಹತ್ತಿರ ಶರ್ಟು ಹೊಲಿಸುವವರಲ್ಲಿ ಹೆಚ್ಚಿನವರು ಐವತ್ತು ದಾಟಿದವರು. ಒಂದು ಮಳೆಗಾಲದಲ್ಲಿ ಬಾಡಿಗೆ ಕೊಡಲೂ ಆಗದೆ ಅಂಗಡಿ ಮುಚ್ಚುವ ಮಾತು ಬಂದಿತ್ತು. ಆಗ ನನ್ನ ಹೆಂಡತಿ ಬ್ಲೌಸ್ ಹೊಲಿಯಲು ಕಲಿತಳು. ಇವತ್ತು ನಮ್ಮ ಮನೆಯ ಅನ್ನದಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳ ಬ್ಲೌಸಿನದು. ಇದನ್ನು ಯಾರ ಎದುರಿಗಾದರೂ ಹೇಳುತ್ತೇನೆ.

ಶರ್ಟಿನಲ್ಲಿ ಅರ್ಧ ಇಂಚು ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಲೌಸಿನಲ್ಲಿ ಕಾಲು ಇಂಚು ತಪ್ಪಿದರೂ ಕಂಕುಳಲ್ಲಿ ಹಿಡಿಯುತ್ತದೆ, ಭುಜ ಜಾರುತ್ತದೆ. ಅದಕ್ಕೇ ರೆಡಿಮೇಡ್ ಬಂದರೂ ಸೀರೆ ಉಡುವವರು ಟೈಲರ್ ಹತ್ತಿರ ಬರುತ್ತಲೇ ಇದ್ದಾರೆ. ಅಳತೆ ಬ್ಲೌಸ್ ಕೊಟ್ಟರೂ ನನ್ನ ಹೆಂಡತಿ ಟೇಪು ಹಿಡಿದು ಇನ್ನೊಮ್ಮೆ ನೋಡುತ್ತಾಳೆ. ಆ ಬ್ಲೌಸ್ ಯಾವ ಕಾಲದ್ದೋ! ಇದರ ಜೊತೆಗೆ ಸೀರೆಗೆ ಫಾಲ್ ಹಚ್ಚುವುದು, ಅಂಚಿಗೆ ಪೀಕೊ ಹಾಕುವುದು. ನನ್ನ ಪಾಲಿಗೆ ಆಲ್ಟ್ರೇಷನ್. ಆನ್‌ಲೈನಲ್ಲಿ ತರಿಸಿದ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಹಿಡಿಯುವುದು, ಜಿಪ್ ಬದಲಾಯಿಸುವುದು. ಮೊದಲು ಇದೆಲ್ಲ ಸಣ್ಣ ಕೆಲಸ ಅಂತ ವಾಪಸ್ ಕಳಿಸುತ್ತಿದ್ದೆ. ತಪ್ಪು ಮಾಡಿದೆ. ದಿನದ ತರಕಾರಿ ಹಾಲಿನ ಖರ್ಚು ಈಗ ಅದರಿಂದಲೇ ಹುಟ್ಟುತ್ತದೆ.

ಇನ್ನು ದುಡ್ಡಿನ ವಿಷಯ. ನಮ್ಮದು ಅಡಿಕೆಯ ಊರು. ದೀಪಾವಳಿ ಕಳೆದು ಕೊಯ್ಲು ಶುರುವಾದ ಮೇಲೆ ಜನರ ಕೈಯಲ್ಲಿ ದುಡ್ಡು ಓಡಾಡುತ್ತದೆ. ಮದುವೆಗಳೂ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಆ ವರ್ಷ ಜಾತ್ರೆಗೆ ಮೊದಲು ಬಟ್ಟೆ ಹೊಲಿದು ಮುಗಿಯುವುದಿಲ್ಲ, ಜಾತ್ರೆ ಕಳೆದ ಮೇಲೆ ಉಡಿಯಲ್ಲಿ ಬಂದ ಕಣಗಳು, ಅಂದರೆ ಬ್ಲೌಸ್ ಬಟ್ಟೆಗಳು, ಹೊಲಿಗೆಗೆ ಬರುತ್ತವೆ. ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮ್. ಅದು ಮುಗಿದರೆ ಚೌತಿಯವರೆಗೆ ಮಳೆ, ಮಳೆ ಮಾತ್ರ. ಇಡೀ ದಿನ ಕೂತರೆ ನಾಲ್ಕು ಗಿರಾಕಿ. ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಸೂಜಿಗೆ ತುಕ್ಕು ಬರುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಹಾಗಾಗಿ ನಾವು ದಿನಾ ಪಿಗ್ಮಿ ಕಟ್ಟುತ್ತೇವೆ. 1928ರಲ್ಲಿ ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ ಅದು. ಮನೆ ಬಾಗಿಲಿಗೇ ಬಂದು ದಿನಕ್ಕಿಷ್ಟು ಅಂತ ಒಯ್ಯುತ್ತಾರೆ. ಈಗ ಊರಿನ ಸೊಸೈಟಿಗಳೂ ಮಾಡುತ್ತವೆ. ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಆಸರೆ ನನಗೆ ಗೊತ್ತಿಲ್ಲ. 2020ರಲ್ಲಿ ಮಾರ್ಚ್ ಮೊದಲ ಭಾಗದಲ್ಲಿ ಜಾತ್ರೆ ಮುಗಿಯಿತು. ಎರಡು ವಾರದಲ್ಲಿ ಲಾಕ್‌ಡೌನ್. ಹೊಲಿದಿಟ್ಟ ಬಟ್ಟೆ ಹ್ಯಾಂಗರಿನಲ್ಲೇ ನೇತಾಡುತ್ತಿತ್ತು, ಒಯ್ಯುವವರಿಲ್ಲ. ಪಿಗ್ಮಿ ತೆಗೆದು ಅಕ್ಕಿ ತಂದೆವು. ಮಿಕ್ಕ ಕಾಟನ್ ತುಂಡುಗಳಲ್ಲಿ ಗಂಡ ಹೆಂಡತಿ ಕೂತು ಮಾಸ್ಕ್ ಹೊಲಿದೆವು.

ನೀವು ಕೇಳದಿದ್ದರೂ ಒಂದು ಹೇಳಬೇಕು. ಬೇರೆಯವರ ಹಬ್ಬಕ್ಕೆ ಹೊಲಿಯುವವನಿಗೆ ತನ್ನ ಮನೆಯ ಹಬ್ಬ ಸಿಗುವುದಿಲ್ಲ. ಚೌತಿಯ ಹಿಂದಿನ ರಾತ್ರಿ ನಾನು ಮನೆಯಲ್ಲಿ ಇದ್ದದ್ದೇ ಇಲ್ಲ. ಗಣಪತಿ ಮುಂದೆ ಹಣ್ಣು ಕಾಯಿಗಳ ಫಲಾವಳಿ ಕಟ್ಟಿದ್ದು ಯಾವಾಗಲೂ ಮಕ್ಕಳೇ. ಒಂದು ವರ್ಷ ಮಗಳು, ಆಗ ಏಳು ವರ್ಷ ಇರಬೇಕು, ರಾತ್ರಿ ಹನ್ನೊಂದಕ್ಕೆ ಅಮ್ಮನ ಕೈ ಹಿಡಿದು ಅಂಗಡಿಗೆ ಬಂದಳು. "ಅಪ್ಪಾ, ನನ್ನ ಫ್ರಾಕ್ ಹೊಲಿದು ಆಯ್ತಾ?" ಅಂದಳು. ಊರಿಡೀ ಬಟ್ಟೆ ಹೊಲಿದಿದ್ದೆ, ಅವಳದ್ದು ಕತ್ತರಿಸಿಯೂ ಇರಲಿಲ್ಲ. ಅವತ್ತೇ ಕೂತು ಹೊಲಿದೆ. ಮುಂದಿನ ವರ್ಷದಿಂದ ಹೆಂಡತಿ ಒಂದು ಬೋರ್ಡು ಬರೆದು ಹಚ್ಚಿದಳು: ಹಬ್ಬಕ್ಕೆ ಹತ್ತು ದಿನ ಇರುವಾಗ ಹೊಸ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಒಂದಿಷ್ಟು ಗಿರಾಕಿ ಹೋದರು. ಆದರೆ ಹೇಳಿದ ದಿನಕ್ಕೆ ಬಟ್ಟೆ ಸಿಗುತ್ತದೆ ಅಂತ ಅದಕ್ಕಿಂತ ಜಾಸ್ತಿ ಜನ ಬಂದರು.

ಮಗನಿಗೆ ಹೇಳಿ, ಪ್ಯಾಂಟು ಶರ್ಟಿನ ಜೊತೆ ಬ್ಲೌಸು ಕಲಿಯಲಿ. ಗಂಡುಮಕ್ಕಳು ಅದನ್ನು ಹೊಲಿಯಬಾರದು ಅಂತ ಏನೂ ಇಲ್ಲ. ಕೈ ಕುದುರಿ ಕೆಲಸ ಶುರು ಮಾಡಿದ ಮೇಲೆ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹೆಸರು ನೋಂದಾಯಿಸಲಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು, ದರ್ಜಿಗಳೂ ಅದರಲ್ಲಿ ಸೇರುತ್ತಾರೆ. ಸಾಮಾನಿಗೆ 15,000 ರೂಪಾಯಿವರೆಗೆ ಸಿಗುತ್ತದೆ, 5% ಬಡ್ಡಿಗೆ ಮೊದಲು 1 ಲಕ್ಷದವರೆಗೆ ಸಾಲ. ಮನೆಯಲ್ಲಿ ಒಬ್ಬರಿಗೆ ಮಾತ್ರ. ಸಾಲ ಮಾಡಿಯೇ ಅಂಗಡಿ ಶುರು ಮಾಡುವುದು ಬೇಡ.

ಅದಕ್ಕೂ ಮೊದಲು ಮನೆಯಲ್ಲಿರುವ ನಿಮ್ಮ ಒಂದು ಹಳೆ ಪ್ಯಾಂಟು ಅವನ ಕೈಗೆ ಕೊಡಿ. ಬಟ್ಟೆ ಹರಿಯದ ಹಾಗೆ ಪೂರ್ತಿ ಬಿಚ್ಚಲಿ. ಎರಡು ದಿನ ಹಿಡಿಯಬಹುದು. ಬಿಚ್ಚಿದ ಮೇಲೆ ಆ ತುಂಡುಗಳನ್ನು ಸುಮ್ನೆ ಮೂಲೆಗೆ ಎಸೆಯುತ್ತಾನಾ, ಕೂತು ಒಂದಕ್ಕೊಂದು ಜೋಡಿಸಿ ನೋಡುತ್ತಾನಾ ಅಂತ ಗಮನಿಸಿ. ಜೋಡಿಸಿ ನೋಡಿದರೆ ಒಳ್ಳೆ ಗುರುಗಳನ್ನು ಹುಡುಕಿ.