ಓದುಗರ ಪ್ರಶ್ನೆ: ಬ್ರಾಸ್ ಕ್ವಿಂಟೆಟ್ ಸ್ಪರ್ಧೆಗೆ ಹೊರಟವರಿಗೆ

ಪ್ರಶ್ನೆ: ಮಗಳಿಗೆ ಹದಿನೇಳು ವರ್ಷ, ಫ್ರೆಂಚ್ ಹಾರ್ನ್ ನುಡಿಸುತ್ತಾಳೆ. ಗೆಳೆಯರ ಜೊತೆ ಬ್ರಾಸ್ ಕ್ವಿಂಟೆಟ್ (ಎರಡು ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಟ್ಯೂಬಾ ಎಂಬ ಲೋಹದ ಊದುವಾದ್ಯಗಳ ಐವರ ತಂಡ) ಕಟ್ಟಿಕೊಂಡಿದ್ದಾಳೆ. ಯಾವ ಸ್ಪರ್ಧೆಗೆ ಹೋಗಬಹುದು? ನಿಯಮಗಳಲ್ಲಿ ಏನನ್ನು ಗಮನಿಸಬೇಕು? (ಒಬ್ಬ ತಾಯಿ, ಮ್ಯೂನಿಕ್)

ನೀವಿರುವ ಊರಿನಲ್ಲೇ ಡಚ್ ಸಂಗೀತ ರಚನಾಕಾರ ಯಾನ್ ಕುಟ್ಸೀರ್ ಹೆಸರಿನ ಅಂತರರಾಷ್ಟ್ರೀಯ ಸ್ಪರ್ಧೆ ಇದೆ. ಅದು ಬ್ರಾಸ್ ಚೇಂಬರ್ ಸಂಗೀತಕ್ಕೇ, ಅಂದರೆ ಬ್ರಾಸ್ ವಾದ್ಯಗಳ ಸಣ್ಣ ತಂಡಗಳಿಗೇ ಮೀಸಲು. ಆದರೆ ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಂಗೀತ ವಿದ್ಯಾಲಯಗಳಲ್ಲಿ ಓದುತ್ತಿರುವವರು, ಪೈಪೋಟಿ ಬಿಗಿ. ಶಾಲಾ ವಯಸ್ಸಿನವರಿಗೆ ಅಮೆರಿಕದ ಇಂಡಿಯಾನಾದಲ್ಲಿ ೧೯೭೩ರಲ್ಲಿ ಶುರುವಾದ ಫಿಶಾಫ್ ಸ್ಪರ್ಧೆಯ ಜೂನಿಯರ್ ವಿಭಾಗ ಹೆಚ್ಚು ಹೊಂದುತ್ತದೆ. ಎರಡಕ್ಕೂ ಮೊದಲು ಜರ್ಮನಿಯ ಯುವ ಸಂಗೀತಗಾರರ ಸ್ಪರ್ಧೆ 'ಯೂಗೆಂಡ್ ಮುಸಿಸೀರ್ಟ್' ಮುಗಿಸಿಕೊಳ್ಳಲಿ. ಸ್ಥಳೀಯ, ರಾಜ್ಯ, ರಾಷ್ಟ್ರ ಎಂದು ಮೂರು ಹಂತ ದಾಟುವಷ್ಟರಲ್ಲಿ ತಂಡ ಗಟ್ಟಿಯಾಗುತ್ತದೆ.

ನಿಯಮಾವಳಿಯಲ್ಲಿ ವಯಸ್ಸಿನ ಸಾಲನ್ನು ಎರಡು ಸಲ ಓದಿ. ಮಿತಿ ಪ್ರತಿಯೊಬ್ಬರಿಗೋ, ಐವರ ಸರಾಸರಿಗೋ, ಯಾವ ತಾರೀಕಿನ ಲೆಕ್ಕಕ್ಕೋ ಎಂಬುದು ಸ್ಪರ್ಧೆಯಿಂದ ಸ್ಪರ್ಧೆಗೆ ಬದಲಾಗುತ್ತದೆ. ಮೊದಲ ಸುತ್ತಿಗೆ ವಿಡಿಯೊ ಕಳಿಸಿದ ಮೇಲೆ ಒಬ್ಬರು ಬಿಟ್ಟುಹೋದರೆ ಬದಲಿಗೆ ಇನ್ನೊಬ್ಬರನ್ನು ತರಬಹುದೇ ಎಂಬುದನ್ನೂ ನೋಡಿ. ತಂಡಗಳು ಹೆಚ್ಚಾಗಿ ಮುಗ್ಗರಿಸುವುದು ಅಲ್ಲೇ. ಶಾಲೆಯ ಪರೀಕ್ಷೆಗಳ ತಾರೀಕನ್ನು ಐವರೂ ಮೊದಲೇ ಹಂಚಿಕೊಂಡರೆ ಒಳ್ಳೆಯದು.

ಪ್ರಶ್ನೆ: ಕಾರ್ಯಕ್ರಮಕ್ಕೆ ಯಾವ ಕೃತಿಗಳು?

ಕ್ವಿಂಟೆಟ್‌ಗೆಂದೇ ಬರೆದ ಒಂದು ದೊಡ್ಡ ಕೃತಿ ಇರಲೇಬೇಕು. ವಿಕ್ಟರ್ ಎವಾಲ್ಡ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಎಂಜಿನಿಯರ್ ಆಗಿದ್ದ ಸಂಗೀತ ರಚನಾಕಾರರು. ಅವರ ಮೊದಲ ಕ್ವಿಂಟೆಟ್‌ನಲ್ಲಿ ಉದ್ದದ ಹಾಡುಗಾರಿಕೆ ಇದೆ, ಎಳೆಯರ ತುಟಿಗೂ ಒಗ್ಗುತ್ತದೆ. ಮಾಲ್ಕಂ ಆರ್ನಲ್ಡ್ ಅವರ ೧೯೬೧ರ ಕ್ವಿಂಟೆಟ್ ಥಳಕಿನದು, ಆದರೆ ಮೊದಲ ಟ್ರಂಪೆಟ್ ಜೊತೆಗೆ ಎರಡನೆಯದೂ ಅಷ್ಟೇ ಚುರುಕಾಗಿಲ್ಲದಿದ್ದರೆ ಮುಟ್ಟಬೇಡಿ. ಲುಟೊಸ್ಲಾವ್ಸ್ಕಿಯ 'ಮಿನಿ ಓವರ್ಚರ್' ಮೂರೇ ನಿಮಿಷದ್ದಾದರೂ ತಾಳದಲ್ಲಿ ಐವರನ್ನೂ ಪರೀಕ್ಷಿಸುತ್ತದೆ.

ಇಪ್ಪತ್ತು ನಿಮಿಷದ ಮಿತಿ ಇದ್ದರೆ ಹದಿನೇಳರಲ್ಲಿ ಮುಗಿಯುವಂತೆ ಜೋಡಿಸಿ. ಮ್ಯೂಟ್ (ಸದ್ದು ತಗ್ಗಿಸಲು ವಾದ್ಯದ ಬಾಯಿಗೆ ಸಿಕ್ಕಿಸುವ ಮುಚ್ಚಳ) ಹಾಕಿ ತೆಗೆಯುವುದು, ಕೊಳವೆಯ ನೀರು ಹೊರಹಾಕುವುದು, ಚಲನೆಗಳ (ಕೃತಿಯ ಭಾಗಗಳ) ನಡುವಿನ ಉಸಿರು ಎಲ್ಲವೂ ಸಮಯ ತಿನ್ನುತ್ತವೆ. ತುಟಿ ದಣಿಸುವ ಕೃತಿಯನ್ನು ಕೊನೆಗಿಡಬೇಡಿ.

ಪ್ರಶ್ನೆ: ಐವರೂ ಟ್ಯೂನರ್ ನೋಡಿಯೇ ಶ್ರುತಿ ಮಾಡಿಕೊಳ್ಳುತ್ತೇವೆ. ಆದರೂ ಉದ್ದದ ಕಾರ್ಡ್‌ಗಳು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ಒರಟಾಗಿ ಕೇಳುತ್ತವೆ. ಯಾಕೆ? (ಟ್ರೊಂಬೋನ್ ವಿದ್ಯಾರ್ಥಿ, ಬೆಂಗಳೂರು)

ಟ್ಯೂನರ್ ತೋರಿಸುವುದು ಪಿಯಾನೊದ ಶ್ರುತಿ. ಬ್ರಾಸ್ ವಾದ್ಯಗಳು ಕೂಡಿ ಮೊಳಗಬೇಕಾದದ್ದು ಸಹಜ ಶ್ರುತಿಯಲ್ಲಿ, ಅಂದರೆ ಸ್ವರಗಳು ಒಂದಕ್ಕೊಂದು ಬೆರೆತು ನಿಲ್ಲುವ ಅಂತರಗಳಲ್ಲಿ. ಒಂದು ಅರ್ಧಸ್ವರವನ್ನು ನೂರು ಸೆಂಟ್ ಎಂದುಕೊಂಡರೆ, ಮೇಜರ್ ಕಾರ್ಡ್‌ನ ಗಾಂಧಾರ ಪಿಯಾನೊದ್ದಕ್ಕಿಂತ ೧೪ ಸೆಂಟ್ ಕೆಳಗೆ ಕೂರಬೇಕು. ಮೈನರ್ ಗಾಂಧಾರ ೧೬ ಸೆಂಟ್ ಮೇಲೆ, ಪಂಚಮ ೨ ಸೆಂಟ್ ಮೇಲೆ. ನಮ್ಮ ಕಡೆಯವರಿಗೆ ಇದು ಹೊಸದಲ್ಲ: ತಂಬೂರಿ ಚೆನ್ನಾಗಿ ಕೂಡಿದಾಗ ಷಡ್ಜದೊಳಗೆ ತಾನಾಗಿ ಕೇಳುವ ಅಂತರ ಗಾಂಧಾರ ಇದೇ. ಆದ್ದರಿಂದ ಟ್ಯೂನರ್ ಬದಿಗಿಟ್ಟು ತಂಬೂರಿ ಆ್ಯಪ್ ಹಾಕಿಕೊಳ್ಳಿ. ಬಿ ಫ್ಲ್ಯಾಟ್‌ಗೆ, ಅಂದರೆ ಹಾರ್ಮೋನಿಯಂನ ಕಪ್ಪು ಐದಕ್ಕೆ ಇಟ್ಟು, ಮೊದಲು ಐವರೂ ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ.

ಕಾರ್ಡ್ ಕಟ್ಟುವ ಕ್ರಮವೂ ಮುಖ್ಯ. ಟ್ಯೂಬಾ ಷಡ್ಜ ಹಿಡಿಯಲಿ, ಅದರ ಮೇಲೆ ಪಂಚಮ ಸೇರಲಿ, ಇವೆರಡೂ ಅಲುಗಾಡದೆ ನಿಂತ ಮೇಲಷ್ಟೇ ಗಾಂಧಾರ ಬರಲಿ, ಅದೂ ಮೆಲ್ಲಗೆ. ಗಾಂಧಾರ ಯಾರ ಪಾಲಿಗಿದೆ ಎಂದು ಪ್ರತಿ ಉದ್ದ ಕಾರ್ಡ್‌ನಲ್ಲೂ ಪೆನ್ಸಿಲ್‌ನಿಂದ ಗುರುತಿಸಿಕೊಳ್ಳಿ. ಟ್ರಂಪೆಟ್‌ನಲ್ಲಿ ವಾಲ್ವ್ ಒತ್ತದೆ ಬರುವ ಮೇಲಿನ 'ಇ' (ಬರಹದಲ್ಲಿ 'ಇ', ಕೇಳುವುದು 'ಡಿ') ಸಹಜವಾಗಿಯೇ ತಗ್ಗಿರುವ ಸ್ವರ. ಬಿ ಫ್ಲ್ಯಾಟ್ ಕಾರ್ಡ್‌ನಲ್ಲಿ ಅದು ಇದ್ದಂತೆಯೇ ಸರಿ. ಟ್ಯೂನರ್‌ನ ಅಭ್ಯಾಸದಿಂದ ಅದನ್ನು ತುಟಿಯಿಂದ ಏರಿಸಿದರೆ ಕಾರ್ಡ್ ಒಡೆಯುತ್ತದೆ. ನಿಮ್ಮ ಟ್ರೊಂಬೋನ್‌ನ ಮೊದಲ ಸ್ಥಾನದ 'ಡಿ' ಕೂಡ ಅದೇ ಜಾತಿ. ಇದಕ್ಕೆ ವಿರುದ್ಧವಾಗಿ, ಟ್ರಂಪೆಟ್‌ನಲ್ಲಿ ಒಂದು ಮತ್ತು ಮೂರನೇ ವಾಲ್ವ್ ಕೂಡಿದಾಗ, ಮೂರೂ ಕೂಡಿದಾಗ ಇನ್ನೂ ಹೆಚ್ಚಾಗಿ, ಸ್ವರ ಏರುತ್ತದೆ. ಆಗ ಮೂರನೇ ಸ್ಲೈಡ್ ಹೊರಗೆಳೆಯಲೇಬೇಕು.

ಕೋಣೆಯ ಬಿಸಿಯೂ ಕೆಲಸ ಮಾಡುತ್ತದೆ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು ಮೂರು ಸೆಂಟ್ ಏರುತ್ತದೆ. ಟ್ರಂಪೆಟ್ ಬೇಗ ಕಾಯುತ್ತದೆ, ಟ್ಯೂಬಾ ನಿಧಾನ. ವೇದಿಕೆ ಏರುವ ಮೊದಲು ಟ್ಯೂಬಾದವರು ಸದ್ದಿಲ್ಲದೆ ಗಾಳಿ ಊದುತ್ತಲೇ ಇರಲಿ. ಜರ್ಮನಿ, ಆಸ್ಟ್ರಿಯಾದಲ್ಲಿ ಪಿಯಾನೊಗಳ 'ಎ' ಸ್ವರ ೪೪೨–೪೪೩ ಹರ್ಟ್ಸ್‌ಗೆ ಇರುವುದು ರೂಢಿ. ೪೪೦ಕ್ಕೆ ಒಗ್ಗಿದ ಕಿವಿಯನ್ನು ಕೆಲವು ವಾರ ಮುಂಚೆಯೇ ಅಲ್ಲಿಗೆ ಒಯ್ಯಿರಿ.

ಪ್ರಶ್ನೆ: ಮೊದಲ ಸುತ್ತಿನ ವಿಡಿಯೊ ಫೋನಿನಲ್ಲಿ ತೆಗೆದರೆ ಸಾಕೇ?

ಚಿತ್ರಕ್ಕೆ ಸಾಕು, ಧ್ವನಿಗೆ ಸಾಲದು. ಫೋನು ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಮೆಲುದನಿಯಿಂದ ಭೋರ್ಗರೆತಕ್ಕೆ ನೀವು ಕಟ್ಟಿದ ಏರಿಕೆಯೆಲ್ಲ ಚಪ್ಪಟೆಯಾಗುತ್ತದೆ, ತೀರ್ಪುಗಾರರಿಗೆ ಐವರೂ ಒಂದೇ ಸಮ ಗಟ್ಟಿಯಾಗಿ ಊದಿದಂತೆ ಕೇಳುತ್ತದೆ. ಪ್ರತ್ಯೇಕ ಸ್ಟೀರಿಯೊ ರೆಕಾರ್ಡರ್ ತನ್ನಿ. ಆಟೊ ಲೆವೆಲ್ ಮತ್ತು ಲಿಮಿಟರ್ (ಸದ್ದನ್ನು ತಾನೇ ಹೊಂದಿಸುವ, ತಗ್ಗಿಸುವ ಸೌಲಭ್ಯಗಳು) ಆಫ್ ಮಾಡಿ. ಅತಿ ಜೋರಿನ ಭಾಗವನ್ನೇ ಮೊದಲು ನುಡಿಸಿ, ರೆಕಾರ್ಡರ್‌ನ ಮಟ್ಟ ತೋರಿಸುವ ಮುಳ್ಳು ಮೈನಸ್ ೧೨ ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ. ಸ್ಟ್ಯಾಂಡ್ ತಂಡದಿಂದ ಮೂರ್ನಾಲ್ಕು ಮೀಟರ್ ದೂರ, ಎರಡೂವರೆ ಮೀಟರ್ ಎತ್ತರದಲ್ಲಿರಲಿ. ಟ್ರಂಪೆಟ್‌ನ ಬಾಯಿ ನೇರವಾಗಿ ಮೈಕಿಗೆ ಗುರಿಯಾಗಬಾರದು.

ಹಾರ್ನ್‌ನ ಬಾಯಿ ಹಿಂದಕ್ಕೆ, ಬಲಕ್ಕೆ ತೆರೆಯುತ್ತದೆ. ಅರ್ಧವೃತ್ತದಲ್ಲಿ ಅದನ್ನು ಕೇಳುಗರ ಎಡಗಡೆ ಕೂರಿಸಿದರೆ ಸದ್ದು ಸಭೆಯತ್ತ ತಿರುಗುತ್ತದೆ, ಬಲಗಡೆ ಕೂರಿಸಿದರೆ ವೇದಿಕೆಯ ಹಿಂಬದಿಗೆ. ಹಿಂದೆ ದಪ್ಪ ಪರದೆಯಿದ್ದರೆ ಹಾರ್ನ್ ಮಾಯವಾಗುತ್ತದೆ. ಗೋಡೆಯೋ ಮರದ ಹಲಗೆಯೋ ಇರಲಿ.

ಬಹುಪಾಲು ಸ್ಪರ್ಧೆಗಳಲ್ಲಿ ಒಂದು ಚಲನೆಯ ನಡುವೆ ಕತ್ತರಿಸುವಂತಿಲ್ಲ, ಐವರ ಮುಖ, ಕೈ ಕಾಣಬೇಕು, ಕ್ಯಾಮೆರಾ ಒಂದೇ ಕಡೆ ನಿಲ್ಲಬೇಕು. ಧ್ವನಿಯನ್ನು ಚಿತ್ರಕ್ಕೆ ಜೋಡಿಸಲು ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಒಂದು ದಿನಕ್ಕೆ ಮೂರು ಪೂರ್ಣ ಟೇಕ್‌ಗಿಂತ ಹೆಚ್ಚು ಬೇಡ. ನಾಲ್ಕನೆಯದಕ್ಕೆ ತುಟಿ ಸೋತಿರುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ಯೂರೋಪಿಗೆ ಟ್ಯೂಬಾ ಒಯ್ಯುವುದು ಹೇಗೆ?

ಸಾಧ್ಯವಾದರೆ ಒಯ್ಯಲೇಬೇಡಿ. ಸಂಘಟಕರಿಗೆ ಬರೆದು ಅಲ್ಲೇ ವಾದ್ಯ ಬಾಡಿಗೆಗೆ ಕೇಳಿ, ನಿಮ್ಮ ಮೌತ್‌ಪೀಸ್ ಮಾತ್ರ ಕೈಚೀಲದಲ್ಲಿರಲಿ. ಎಫ್ ಟ್ಯೂಬಾ ಬೇಕೋ, ಸಿ ಬೇಕೋ, ವಾಲ್ವ್ ಎಷ್ಟು ಎಂದು ಬರೆಯಲು ಮರೆಯಬೇಡಿ. ಬೆರಳಿನ ಲೆಕ್ಕವೇ ಬದಲಾಗುತ್ತದೆ. ಒಯ್ಯಲೇಬೇಕಾದರೆ ಗಟ್ಟಿ ಪೆಟ್ಟಿಗೆ, ಬಾಯೊಳಗೆ ಮೆತ್ತನೆಯ ಬಟ್ಟೆ ತುಂಬಿ, ತೂಕ ೩೨ ಕೆಜಿಯೊಳಗೆ. ಟಿಕೆಟ್ ಕೊಳ್ಳುವ ಮೊದಲೇ ಅಳತೆ ಹೇಳಿ ವಿಮಾನ ಸಂಸ್ಥೆಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ವಾಲ್ವ್ ಎಣ್ಣೆ ಸುಲಭವಾಗಿ ಉರಿಯುವ ವಸ್ತುವಾಗಬಹುದು, ಅಲ್ಲೇ ಕೊಳ್ಳಿ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಒಳಗೆ, ಕಡಿಮೆಯೆಂದರೆ ಹದಿನೈದು ದಿನ ಮುಂಚೆ ಅರ್ಜಿ ಹಾಕಬೇಕು. ಹದಿನೈದೇ ದಿನ ಉಳಿಸಿಕೊಳ್ಳಬೇಡಿ. ಸ್ಪರ್ಧೆಯ ಆಹ್ವಾನ ಪತ್ರ, ೩೦,೦೦೦ ಯೂರೊ ಮೊತ್ತದ ವೈದ್ಯಕೀಯ ವಿಮೆ, ಹದಿನೆಂಟು ತುಂಬದವರಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರ ಸಿದ್ಧವಿರಲಿ. ಸ್ವರಲಿಪಿಯ ಮುದ್ರಿತ ಪ್ರತಿಗಳನ್ನೂ ಕೈಚೀಲದಲ್ಲೇ ಇಡಿ. ಜೆರಾಕ್ಸ್ ಪ್ರತಿ ಹಿಡಿದು ವೇದಿಕೆ ಹತ್ತಲು ಅನೇಕ ಸ್ಪರ್ಧೆಗಳು ಬಿಡುವುದಿಲ್ಲ.