ಪ್ರಾರ್ಥನೆಯಲ್ಲಿ ಏನೂ ಅನ್ನಿಸದಿದ್ದಾಗ ದೇವರ ಕರುಣೆಯನ್ನು ನಂಬುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಹುಟ್ಟಿನಿಂದ ಕಥೋಲಿಕರು, ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ಆದರೆ ಪ್ರಾರ್ಥನೆಗೆ ಕೂತರೆ ಗೋಡೆಗೆ ಮಾತಾಡಿದ ಹಾಗಾಗುತ್ತದೆ. ಹಳೆಯ ಪಾಪವೊಂದನ್ನು ಗುರುಗಳ (ಪಾದ್ರಿಗಳ) ಮುಂದೆ ಮತ್ತೆ ಮತ್ತೆ ನಿವೇದಿಸಿದರೂ ಕ್ಷಮೆ ಸಿಕ್ಕಿದೆ ಅನ್ನಿಸುತ್ತಿಲ್ಲ. ದೇವರು ಕೈಬಿಟ್ಟರಾ?

ನಾನು ಗುರುವಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಸಂಸಾರಸ್ಥ. ಆ ಬೆಂಚಿನಿಂದ ಕಂಡಷ್ಟು ಹೇಳುತ್ತೇನೆ.

ಮನಸ್ಸಿಗೆ ಏನೂ ಅನ್ನಿಸದಿರುವುದು ದೇವರು ದೂರವಾದ ಗುರುತು ಅಂತ ಧರ್ಮಸಭೆ ಎಲ್ಲೂ ಕಲಿಸಿಲ್ಲ. ಭರವಸೆಯ ಬಗ್ಗೆ ಯಾರ ಹೆಸರನ್ನು ಜಾಸ್ತಿ ಎತ್ತುತ್ತೇವೋ ಅವರೇ ಇಂಥ ಕತ್ತಲಲ್ಲಿ ಬದುಕಿದವರು. ಫ್ರಾನ್ಸಿನ ಲಿಸಿಯ ಊರಿನ ಸನ್ಯಾಸಿನಿ ಸಂತ ತೆರೇಸಾಗೆ 1896ರ ಈಸ್ಟರ್ ಹೊತ್ತಿಗೆ ಸ್ವರ್ಗವೇ ಇಲ್ಲವೇನೋ ಅನ್ನುವ ಕಾಟ ಶುರುವಾಯಿತು. 1897ರ ಸೆಪ್ಟೆಂಬರ್‌ನಲ್ಲಿ, 24ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದು ಅವರನ್ನು ಬಿಡಲಿಲ್ಲ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನ ಬೆಚ್ಚಿಬಿದ್ದರು. ಹತ್ತಾರು ವರ್ಷ ಅವರಿಗೂ ಒಳಗೆಲ್ಲ ಬರಿದು. 2016ರಲ್ಲಿ ಅವರು ಸಂತರಾಗುವುದಕ್ಕೆ ಅದು ಅಡ್ಡ ಬರಲಿಲ್ಲ.

ನನಗೆ ಹತ್ತಿರ ಅನ್ನಿಸುವವರು ಪೋಲೆಂಡಿನ ಸಂತ ಫೌಸ್ತಿನಾ. ಯೇಸುವಿನ ಎದೆಯಿಂದ ಒಂದು ಕೆಂಪು, ಒಂದು ಬಿಳಿ ಕಿರಣ ಹೊರಡುವ ಚಿತ್ರ ನಿಮ್ಮ ಮನೆಯಲ್ಲೂ ಇರಬಹುದು. ಕೆಳಗೆ 'ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ' ಅಂತ ಬರೆದಿರುತ್ತದೆ. ಆ ಚಿತ್ರದ ಮೂಲ ಈಕೆಯೇ. ಶಾಲೆಗೆ ಹೋಗಿದ್ದು ಮೂರು ವರ್ಷವೂ ತುಂಬಲಿಲ್ಲ. ಕಾನ್ವೆಂಟಿನಲ್ಲಿ ಅಡುಗೆಮನೆ, ತೋಟ, ಬಾಗಿಲು ಕಾಯುವ ಕೆಲಸ. ಆಲೂಗಡ್ಡೆ ಬೇಯಿಸಿದ ದೊಡ್ಡ ಪಾತ್ರೆಯ ನೀರು ಬಸಿಯುವಷ್ಟು ಶಕ್ತಿ ಇರಲಿಲ್ಲ. ಆ ಹೊತ್ತಿಗೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದರಂತೆ. ಕೊನೆಗೆ ಅದನ್ನೇ ದೇವರ ಹತ್ತಿರ ಹೇಳಿಕೊಂಡರು, ನನಗೆ ಕೈಲಾಗುತ್ತಿಲ್ಲ ಅಂತ. ಅವರು ಬರೆದಿಟ್ಟ ದಿನಚರಿಯಲ್ಲಿ ಇದೂ ಇದೆ, ದರ್ಶನಗಳೂ ಇವೆ, ದೇವರು ನನ್ನನ್ನು ತೊರೆದುಬಿಟ್ಟರು ಅಂತ ನರಳಿದ ಪುಟಗಳೂ ಇವೆ.

1931ರ ಫೆಬ್ರವರಿ 22ರಂದು ಪ್ಲೊತ್ಸ್ಕ್ ಊರಿನ ಕಾನ್ವೆಂಟಿನಲ್ಲಿ ಅವರಿಗೆ ಆ ರೂಪದ ದರ್ಶನವಾಯಿತು. 1934ರಲ್ಲಿ ವಿಲ್ನಿಯಸ್‌ನ ಕಲಾವಿದರೊಬ್ಬರು ಚಿತ್ರ ಬರೆದರು. ಫೌಸ್ತಿನಾ ನೋಡಿ ಅತ್ತುಬಿಟ್ಟರು. ತಾವು ಕಂಡಷ್ಟು ಚೆಂದ ಇರಲೇ ಇಲ್ಲ! ಆಗ ಯೇಸುವಿನಿಂದ ಸಿಕ್ಕ ಉತ್ತರವನ್ನು ಬರೆದಿಟ್ಟಿದ್ದಾರೆ: ಇದರ ಹಿರಿಮೆ ಬಣ್ಣದಲ್ಲೋ ಕುಂಚದಲ್ಲೋ ಇಲ್ಲ, ನನ್ನ ಕೃಪೆಯಲ್ಲಿದೆ. ನಿಮ್ಮ ಪ್ರಾರ್ಥನೆಗೂ ಇದೇ ಉತ್ತರ ಅಂತ ನನ್ನ ಅನಿಸಿಕೆ. ಪ್ರಾರ್ಥನೆ ಚೆನ್ನಾಗಿ ಬಂತೋ, ಕಣ್ಣಲ್ಲಿ ನೀರು ಬಂತೋ ಅನ್ನುವುದರ ಮೇಲೆ ಕರುಣೆ ನಿಂತಿಲ್ಲ.

1938ರಲ್ಲಿ, 33ನೇ ವಯಸ್ಸಿಗೆ ಫೌಸ್ತಿನಾ ಕ್ಷಯದಿಂದ ತೀರಿಕೊಂಡರು. 1959ರಲ್ಲಿ ವ್ಯಾಟಿಕನ್ನೇ ಈ ಭಕ್ತಿಯನ್ನು ಆಕೆ ಹೇಳಿದ ರೂಪದಲ್ಲಿ ಹರಡಬಾರದು ಅಂದಿತು. ಆ ತಡೆ ತೆರವಾಗಿದ್ದು 1978ರಲ್ಲಿ. 2000ದ ಏಪ್ರಿಲ್ 30ರಂದು ಪೋಪ್ ಎರಡನೇ ಜಾನ್ ಪೌಲ್ ಆಕೆಯನ್ನು ಸಂತರೆಂದು ಸಾರಿದರು. ಈಸ್ಟರ್ ಆದ ಮುಂದಿನ ಭಾನುವಾರ ದೈವಕರುಣೆಯ ಭಾನುವಾರವಾಗಿದ್ದೂ ಆಗಲೇ.

ಇನ್ನು ನಿಮ್ಮ ಹಳೆಯ ಪಾಪದ ವಿಷಯ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮುಚ್ಚಿಡದೆ ಹೇಳಿ, ಪಶ್ಚಾತ್ತಾಪಪಟ್ಟು, ಗುರುಗಳಿಂದ ಪಾಪವಿಮೋಚನೆ ಪಡೆದ ಮೇಲೆ ಆ ಪಾಪ ಮುಗಿಯಿತು. ಅದನ್ನೇ ಮತ್ತೆ ಹೇಳಬೇಕಾದ ಅಗತ್ಯವಿಲ್ಲ. ಯೇಸುಸಭೆಯನ್ನು (ಜೆಸ್ವಿಟ್) ಕಟ್ಟಿದ ಸಂತ ಇಗ್ನಾಸಿಯವರಿಗೂ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಇದೇ ಗೀಳು ಹತ್ತಿತ್ತು. ಹಳೆಯದನ್ನು ಕೆದಕಿ ಕೆದಕಿ ನಿವೇದಿಸುತ್ತಿದ್ದರು, ಸಮಾಧಾನ ಮಾತ್ರ ಇಲ್ಲ. ಸತ್ತುಬಿಡೋಣ ಅನ್ನುವಷ್ಟು ಬೇಸತ್ತಿದ್ದರು. ಕೊನೆಗೆ, ಹಿಂದಿನ ಪಾಪಗಳನ್ನು ಇನ್ನು ಎತ್ತುವುದೇ ಇಲ್ಲ ಅಂತ ತೀರ್ಮಾನಿಸಿದ ಮೇಲೆಯೇ ಬಿಡುಗಡೆ ಸಿಕ್ಕಿದ್ದು. ಹಾಗಾಗಿ ವಾರಕ್ಕೊಂದು ಚರ್ಚು ಹುಡುಕಿಕೊಂಡು ಹೋಗಬೇಡಿ. ಒಬ್ಬರೇ ಗುರುಗಳನ್ನು ಹಿಡಿದುಕೊಳ್ಳಿ. ಅವರು 'ಸಾಕು' ಅಂದರೆ ಸಾಕು. ಇದರ ಜೊತೆ ನಿದ್ದೆ ಕೆಡುವುದು, ಬೇರೆ ವಿಷಯಗಳಲ್ಲೂ ಸರಿಯಾಯಿತೋ ಇಲ್ಲವೋ ಅಂತ ಹತ್ತಾರು ಸಲ ನೋಡುವುದು ಇದ್ದರೆ ಮನೋವೈದ್ಯರನ್ನು ಕಾಣಿ. ಅದು ನಂಬಿಕೆಯ ಕೊರತೆಯೇನಲ್ಲ.

ದಿನವೂ ಮಾಡಬಹುದಾದ್ದು ಫೌಸ್ತಿನಾ ಬರೆದಿಟ್ಟ ಕರುಣೆಯ ಜಪಸರ. ಮಾಮೂಲಿ ಜಪಮಾಲೆಯೇ ಸಾಕು, ಹತ್ತು ನಿಮಿಷದೊಳಗೆ ಮುಗಿಯುತ್ತದೆ. ನಮ್ಮಮ್ಮ ಮಧ್ಯಾಹ್ನ ಮೂರಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾರೆ, ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಗಳಿಗೆ ಅಂತ. ಅಲಾರಂ ಹೊಡೆದರೆ ಟಿವಿ ಸದ್ದು ಕಮ್ಮಿ ಮಾಡುತ್ತಾರೆ, ಆರಿಸುವುದಿಲ್ಲ. ನಡುನಡುವೆ ನನಗೆ ಕಾಫಿ ಬೇಕಾ ಅಂತ ಸನ್ನೆಯಲ್ಲೇ ಕೇಳುತ್ತಾರೆ. ಮಣಿ ಮಾತ್ರ ಸರಿಯುತ್ತಲೇ ಇರುತ್ತದೆ. ಪ್ರತಿ ಸಣ್ಣ ಮಣಿಗೂ 'ನಮ್ಮ ಮೇಲೂ ಇಡೀ ಲೋಕದ ಮೇಲೂ' ಕರುಣೆ ಕೇಳುವುದು. ಒಬ್ಬರೇ ಹೇಳುವಾಗಲೂ 'ನಮ್ಮ' ಅಂತಲೇ. ನನ್ನ ಪಾಪ, ನನ್ನ ಪಾಪ ಅಂತ ಒಂದೇ ಕಡೆ ಸುತ್ತುವ ಮನಸ್ಸಿಗೆ ಇದು ಒಳ್ಳೆಯದು.

ಅದೂ ಬಾಯಿಗೆ ಬರದ ದಿನ ಸುಮ್ನೆ ಚರ್ಚಿಗೆ ಹೋಗಿ ಕೂತುಬನ್ನಿ. ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಪೆಟ್ಟಿಗೆಯ ಪಕ್ಕ ದೀಪ ಉರಿಯುತ್ತಿದ್ದರೆ ಯೇಸು ಅಲ್ಲಿದ್ದಾರೆ ಅನ್ನುವುದು ನಮ್ಮ ವಿಶ್ವಾಸ. ನಿಮ್ಮ ಮನಸ್ಸು ಹೇಗಿದೆ ಅಂತ ಕೇಳಿಕೊಂಡು ಅವರು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಪ್ರಾರ್ಥನೆ ಹೇಳಲೇಬೇಕು ಅನ್ನಿಸಿದರೆ 88ನೇ ಕೀರ್ತನೆ ಓದಿ. ಶುರುವಿನಿಂದ ಕೊನೆಯವರೆಗೂ ಬರೀ ಗೋಳು, ಮುಗಿಯುವುದೂ ಕತ್ತಲಲ್ಲೇ. ಆದರೂ ಅದು ಬೈಬಲಿನಲ್ಲಿದೆ.

ಗುರುಗಳ ಹತ್ತಿರ ಇದನ್ನೆಲ್ಲ ಭಾನುವಾರ ಪೂಜೆಗೆ ಮುಂಚೆ ಹೇಳೋಕೆ ಹೋಗಬೇಡಿ. ಹಿಂದೆ ಹತ್ತು ಜನ ಸಾಲಿನಲ್ಲಿರುತ್ತಾರೆ, ಅವರಿಗೂ ಅವಸರ. ವಾರದ ನಡುವೆ ಫೋನ್ ಮಾಡಿ, ಅರ್ಧ ಗಂಟೆ ಬೇಕು ಫಾದರ್ ಅಂತ ಕೇಳಿ.